ಅಜ್ಜನ ಕೋಪವೂ ಪರ್ತ್‌ನ ಬ್ಯಾಕ್ಟೀರಿಯವೂ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜ ಮಂಡಕ್ಕಿ–ಮೆಣಸಿನಕಾಯಿ ತಿಂದದ್ದನ್ನು ನಾನು ನೋಡಿಲ್ಲ. ಎಲ್ಲರೂ ಖಾರದ ಊಟಕ್ಕೆ ಕೂತರೆ ಅವರ ತಟ್ಟೆಯಲ್ಲಿ ಮೆತ್ತಗಿನ ಅನ್ನ, ಹಾಲು, ಸ್ವಲ್ಪ ಉಪ್ಪು. ಶಾಲಾ ಮಾಸ್ತರರಾಗಿದ್ದ ಅವರಿಗೆ ನಡುವಯಸ್ಸಿನಲ್ಲೇ ಹೊಟ್ಟೆ ಉರಿ ಶುರುವಾಗಿತ್ತು. ಹುಳಿ ತೇಗು, ರಾತ್ರಿ ಎರಡು ಗಂಟೆಗೆ ಎಬ್ಬಿಸುವ ನೋವು, ಊಟ ಮಾಡಿದರೆ ಸ್ವಲ್ಪ ಶಮನ, ಮತ್ತೆ ನೋವು. 1978ರಲ್ಲಿ ಆಪರೇಷನ್ ಮಾಡಿ ಜಠರದ ಒಂದು ಭಾಗವನ್ನೇ ತೆಗೆದರು. ಅಂಗಿ ಬಿಚ್ಚಿದಾಗ ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನವರೆಗೆ ಇಳಿದಿದ್ದ ಗಾಯದ ಗುರುತು ನನಗೆ ಚಿಕ್ಕಂದಿನಲ್ಲಿ ಬಹಳ ಕುತೂಹಲದ ವಸ್ತುವಾಗಿತ್ತು.

ಆದರೆ ಅಜ್ಜನನ್ನು ಹೆಚ್ಚು ನೋಯಿಸಿದ್ದು ಆ ಕತ್ತರಿಯಲ್ಲ. 'ಮಾಸ್ತರ ಕೋಪ ಜಾಸ್ತಿ, ಚಿಂತೆ ಜಾಸ್ತಿ, ಅದಕ್ಕೇ ಹೊಟ್ಟೆಯಲ್ಲಿ ಹುಣ್ಣಾಗಿದೆ' ಎಂದು ನೆಂಟರಿಷ್ಟರೆಲ್ಲ ಹೇಳುತ್ತಿದ್ದ ಮಾತು. ಡಾಕ್ಟರೂ ಅದನ್ನೇ ಹೇಳಿದ್ದರಂತೆ. ಅಜ್ಜಿಗಂತೂ ಸಂಶಯವೇ ಇರಲಿಲ್ಲ. ಸಾಯುವತನಕ ಅಜ್ಜ ತಮ್ಮ ರೋಗಕ್ಕೆ ತಮ್ಮ ಸ್ವಭಾವವೇ ಕಾರಣ ಎಂದು ನಂಬಿಕೊಂಡೇ ಇದ್ದರು.

ಅವರ ಹೊಟ್ಟೆಯಲ್ಲಿ ಇದ್ದದ್ದು ಏನು ಎಂದು ಈಗ ಯಾರೂ ಪರೀಕ್ಷಿಸಿ ಹೇಳಲಾರರು. ಆದರೆ ಆಪರೇಷನ್ ನಡೆದ ಮರು ವರ್ಷ, ಇಲ್ಲಿಂದ ಸಾವಿರಾರು ಮೈಲಿ ದೂರದ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಒಬ್ಬ ವೈದ್ಯ ಸೂಕ್ಷ್ಮದರ್ಶಕದ ಕೆಳಗೆ ಒಂದು ಚೂರು ಜಠರದ ಒಳಪೊರೆಯನ್ನು ಇಟ್ಟು ನೋಡುತ್ತಿದ್ದರು. ಆ ನೋಟದಿಂದ ಶುರುವಾದ ಕಥೆ, ಅಜ್ಜನಂಥ ಲಕ್ಷಾಂತರ ಮಂದಿಯನ್ನು ಅವರ ಕೋಪ–ತಾಪದ ಆರೋಪದಿಂದ ಬಿಡುಗಡೆ ಮಾಡಿತು. ಆ ಕಥೆ ಇಲ್ಲಿದೆ.

ಆಮ್ಲವೇ ಅಪರಾಧಿ!

ಹೊಟ್ಟೆ ಹುಣ್ಣಿಗೆ ಆಮ್ಲವೇ ಮೂಲ ಎಂಬ ವಾದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ. 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಎಂಬ ವೈದ್ಯ 'ಆಮ್ಲವಿಲ್ಲದೆ ಹುಣ್ಣಿಲ್ಲ' ಎಂಬ ಸೂತ್ರವನ್ನು ಮುಂದಿಟ್ಟ. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಊರುತ್ತದೆ. ಅದು ಹೆಚ್ಚಾದರೆ ಜಠರವೋ ಅದಕ್ಕೆ ತಗುಲಿಕೊಂಡ ಸಣ್ಣ ಕರುಳಿನ ಮೊದಲ ಭಾಗವೋ ಸುಟ್ಟು ಹುಣ್ಣಾಗುತ್ತದೆ. ಕೇಳಲು ಎಷ್ಟು ಸಲೀಸು! ಹಾಗಾಗಿ ಚಿಕಿತ್ಸೆಯೂ ಸಲೀಸು: ಆಮ್ಲವನ್ನು ತಗ್ಗಿಸಬೇಕು. ಷಿಕಾಗೋದ ಬರ್ಟ್ರಮ್ ಸಿಪ್ಪಿ 1915ರಲ್ಲಿ ಪ್ರಕಟಿಸಿದ ಪಥ್ಯ ಹಲವು ದಶಕ ಜಗತ್ತಿನಾದ್ಯಂತ ನಡೆಯಿತು. ಗಂಟೆಗೊಮ್ಮೆ ಹಾಲು ಮತ್ತು ಕೆನೆ, ನಡುನಡುವೆ ಕ್ಷಾರದ ಪುಡಿ. ನಮ್ಮ ಅಜ್ಜನ ಹಾಲನ್ನದ ತಟ್ಟೆಗೂ ಆ ಷಿಕಾಗೋ ಪಥ್ಯಕ್ಕೂ ದೂರದ ಸಂಬಂಧ ಇದ್ದಿದ್ದರೂ ಇರಬಹುದು.

ಪಥ್ಯಕ್ಕೆ ಬಗ್ಗದ ಹುಣ್ಣಿಗೆ ಕತ್ತರಿ. ಜಠರವನ್ನು ಭಾಗಶಃ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ವಿಯೆನ್ನಾದ ಬಿಲ್‌ರೋಟ್ 1881ರಲ್ಲೇ ಯಶಸ್ವಿಯಾಗಿದ್ದ. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಟ್ ಆಮ್ಲ ಊರುವಂತೆ ಪ್ರಚೋದಿಸುವ ವೇಗಸ್ ನರವನ್ನೇ ಕತ್ತರಿಸುವ ಪದ್ಧತಿಯನ್ನು ಶುರುಮಾಡಿದ.

ಆಮ್ಲ ಏಕೆ ಹೆಚ್ಚಾಗುತ್ತದೆ? ಈ ಪ್ರಶ್ನೆಗೆ ಇಪ್ಪತ್ತನೇ ಶತಮಾನದ ನಡುಭಾಗ ಕೊಟ್ಟ ಉತ್ತರ ಮಾನಸಿಕ ಒತ್ತಡ. 1958ರಲ್ಲಿ ಅಮೆರಿಕದ ಜೋಸೆಫ್ ಬ್ರೇಡಿ ಮಂಗಗಳನ್ನು ಜೋಡಿಜೋಡಿಯಾಗಿ ಕೂರಿಸಿ ಒಂದು ಪ್ರಯೋಗ ಮಾಡಿದರು. ವಿದ್ಯುತ್ ಆಘಾತ ಬೀಳದಂತೆ ಸನ್ನೆ ಒತ್ತುವ ಜವಾಬ್ದಾರಿ ಒಂದು ಮಂಗಕ್ಕೆ. ಇನ್ನೊಂದು ಸುಮ್ಮನೆ ಕೂತಿರಬೇಕು. ಜವಾಬ್ದಾರಿ ಹೊತ್ತ 'ಅಧಿಕಾರಿ ಮಂಗ'ಗಳಿಗೆ ಹುಣ್ಣಾಯಿತು, ಅವು ಸತ್ತವು. ಪತ್ರಿಕೆಗಳಿಗೆ ಹಬ್ಬವೋ ಹಬ್ಬ! ದೊಡ್ಡ ಕುರ್ಚಿಯಲ್ಲಿ ಕೂತವರಿಗೆಲ್ಲ ಅಲ್ಸರ್ ಎಂಬ ಮಾತು ಮನೆಮನೆಗೆ ತಲುಪಿತು. ಸನ್ನೆ ಒತ್ತಲು ಚುರುಕಾಗಿ ಕಲಿತ ಮಂಗಗಳನ್ನೇ ಆಯ್ದು ಅಧಿಕಾರಿಗಳನ್ನಾಗಿ ಮಾಡಲಾಗಿತ್ತು, ಪ್ರಯೋಗದ ಬುಡವೇ ಸಡಿಲವಾಗಿತ್ತು ಎಂಬುದು ಚರ್ಚೆಗೆ ಬಂದದ್ದು ಆಮೇಲೆ. ಅಷ್ಟು ಹೊತ್ತಿಗೆ ಮಾತು ಊರೂರು ಸುತ್ತಿತ್ತು. ಅಂಥ ಸುದ್ದಿಯನ್ನು ಬರೆಯುವ ನಮ್ಮ ಕಸುಬಿನವರಿಗೂ ಇದರಲ್ಲಿ ಪಾಲುಂಟು.

1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಸಿಮೆಟಿಡಿನ್ ಎಂಬ ಮಾತ್ರೆ ಬಂತು. ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯ ಫಲವಾದ ಇದು ಆಮ್ಲದ ಊಟೆಯನ್ನೇ ತಡೆಯುತ್ತಿತ್ತು. ಬ್ಲ್ಯಾಕ್‌ಗೆ 1988ರಲ್ಲಿ ನೊಬೆಲ್ ಬಂತು. ಬೆನ್ನಿಗೇ ರಾನಿಟಿಡಿನ್. ಈ ಮಾತ್ರೆಗಳು ನಿಜಕ್ಕೂ ಉಪಕಾರಿಗಳು. ಕೆಲವೇ ವಾರಗಳಲ್ಲಿ ಹುಣ್ಣು ಮಾಯುತ್ತಿತ್ತು, ಕತ್ತರಿ ತಪ್ಪುತ್ತಿತ್ತು. ಆದರೆ ಮಾತ್ರೆ ನಿಲ್ಲಿಸಿದರೆ ಬಹುತೇಕರಿಗೆ ವರ್ಷದೊಳಗೆ ಹುಣ್ಣು ಮರಳಿ ಬರುತ್ತಿತ್ತು. ಆದ್ದರಿಂದ ವರ್ಷಾನುಗಟ್ಟಲೆ ನುಂಗುತ್ತಲೇ ಇರಬೇಕು. ಕಂಪೆನಿಗಳಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ ಸಿಕ್ಕಾನು?

ಕಂಡರೂ ಕಾಣದವರು

ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕಲಾರದು ಎಂಬುದು ಪಠ್ಯಪುಸ್ತಕದ ಮಾತಾಗಿತ್ತು. ಸೋಜಿಗವೆಂದರೆ ಅಲ್ಲಿ ಕ್ರಿಮಿಗಳನ್ನು ಕಣ್ಣಾರೆ ಕಂಡವರು ಒಬ್ಬಿಬ್ಬರಲ್ಲ. ಇಟಲಿಯ ಜೂಲಿಯೊ ಬಿಟ್ಸೊಜೆರೊ 1893ರಲ್ಲೇ ನಾಯಿಯ ಜಠರದಲ್ಲಿ ಸುರುಳಿಯಾಕಾರದ ಜೀವಿಗಳನ್ನು ಚಿತ್ರಿಸಿದ್ದ. 1899ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದ ವಲೇರಿ ಯಾವೋರ್ಸ್ಕಿ ಮನುಷ್ಯನ ಜಠರದಲ್ಲೇ ಕಂಡು, ರೋಗಕ್ಕೂ ಇದಕ್ಕೂ ಸಂಬಂಧ ಇದ್ದೀತು ಎಂದೂ ಬರೆದಿದ್ದ. ಪೋಲಿಷ್ ಭಾಷೆಯಲ್ಲಿ ಬರೆದದ್ದನ್ನು ಹೊರಗಿನವರು ಓದಲಿಲ್ಲ. 1940ರಲ್ಲಿ ಬೋಸ್ಟನ್ನಿನ ಸ್ಟೋನ್ ಫ್ರೀಡ್‌ಬರ್ಗ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಜಠರದ ಚೂರುಗಳನ್ನು ಪರೀಕ್ಷಿಸಿ, ಹತ್ತರಲ್ಲಿ ಸುಮಾರು ನಾಲ್ಕರಲ್ಲಿ ಈ ಜೀವಿಗಳು ಇವೆ ಎಂದರು. ಪ್ರಯೋಗಶಾಲೆಯಲ್ಲಿ ಬೆಳೆಸಲು ಆಗಲಿಲ್ಲ. ಬೇರೆ ವಿಷಯ ನೋಡಿಕೊಳ್ಳಿ ಎಂದು ಮೇಲಿನವರು ಹೇಳಿದರು. ಅವರು ಹೃದಯದ ಕಡೆಗೆ ಹೊರಳಿದರು. 101 ವರ್ಷ ಬದುಕಿ 2009ರಲ್ಲಿ ತೀರಿಕೊಂಡ ಫ್ರೀಡ್‌ಬರ್ಗ್, ತಾವು ಕೈಬಿಟ್ಟ ವಿಷಯಕ್ಕೆ ಇನ್ನಿಬ್ಬರು ನೊಬೆಲ್ ಪಡೆದದ್ದನ್ನು ನೋಡಿಯೇ ಹೋದರು.

1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ಮಂದಿಯ ಜಠರದ ಚೂರುಗಳನ್ನು ನೋಡಿ, ಅಲ್ಲಿ ಇಂಥ ಜೀವಿಗಳೇ ಇಲ್ಲ ಎಂದು ಷರಾ ಬರೆದುಬಿಟ್ಟರು. ಅವರು ಬಳಸಿದ್ದು ಸಾಮಾನ್ಯ ಬಣ್ಣದ ಲೇಪ. ಅದರಲ್ಲಿ ಈ ಕ್ರಿಮಿಗಳು ಸುಲಭವಾಗಿ ಎದ್ದು ಕಾಣುವುದಿಲ್ಲ. ಬೆಳ್ಳಿಯ ಲೇಪ ಹಾಕಿದ್ದರೆ ಕಾಣುತ್ತಿತ್ತು. ಆ ಒಂದು ಷರಾದ ಭಾರಕ್ಕೆ ವಿಷಯ ಇಪ್ಪತ್ತೈದು ವರ್ಷ ಕೆಳಗೆ ಬಿದ್ದಿತು.

ಈ ನಡುವೆ ಗ್ರೀಸಿನ ಮಿಸೊಲೊಂಗಿ ಎಂಬ ಸಣ್ಣ ಊರಿನಲ್ಲಿ ಜಾನ್ ಲಿಕೌಡಿಸ್ ಎಂಬ ಸಾಮಾನ್ಯ ವೈದ್ಯರಿದ್ದರು. 1958ರಲ್ಲಿ ತಮ್ಮದೇ ಹೊಟ್ಟೆನೋವಿಗೆ ಆ್ಯಂಟಿಬಯಾಟಿಕ್ ತೆಗೆದುಕೊಂಡಾಗ ಗುಣ ಕಂಡಿತು. ಆ ಮೇಲೆ ರೋಗಿಗಳಿಗೂ ಅದನ್ನೇ ಕೊಡತೊಡಗಿದರು. ಜನ ಸಾವಿರಗಟ್ಟಲೆ ಬಂದರು. ಅವರು ಅಮೆರಿಕದ ವೈದ್ಯಪತ್ರಿಕೆಗೆ ಕಳಿಸಿದ ಲೇಖನ ಮರಳಿ ಬಂತು. ಔಷಧಕ್ಕೆ ಸರಕಾರದ ಅನುಮತಿ ಸಿಗಲಿಲ್ಲ. 1968ರಲ್ಲಿ ಶಿಸ್ತು ಸಮಿತಿ ಅವರಿಗೆ 4,000 ಡ್ರಾಕ್ಮಾ ದಂಡ ಹಾಕಿತು. 1980ರಲ್ಲಿ ಅವರು ಸತ್ತಾಗ ಪರ್ತ್‌ನಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೇಸರ ತರಿಸುವ ಪುಟ ಇದು. ಆದರೂ ಒಂದು ಮಾತು ಹೇಳಬೇಕು. ಲಿಕೌಡಿಸ್ ಕ್ರಿಮಿಯನ್ನು ತೋರಿಸಲಿಲ್ಲ. ಔಷಧ ಕೊಟ್ಟವರನ್ನು, ಕೊಡದವರನ್ನು ಹೋಲಿಸಿ ನೋಡುವ ಕ್ರಮಬದ್ಧ ಪರೀಕ್ಷೆಯನ್ನೂ ನಡೆಸಲಿಲ್ಲ. ಗುಣವಾಯಿತು ಎಂದು ಹೇಳುವ ವೈದ್ಯರು ಪ್ರತಿ ಊರಿನಲ್ಲೂ ಇದ್ದಾರೆ. ಯಾರನ್ನು ನಂಬಬೇಕು ಎಂಬ ಪ್ರಶ್ನೆ ಸಮಿತಿಗೂ ಇದ್ದಿರಬೇಕು.

ಹುಟ್ಟುಹಬ್ಬದ ದಿನ ಕಂಡದ್ದು

1979ರ ಜೂನ್ 11. ರಾಯಲ್ ಪರ್ತ್ ಆಸ್ಪತ್ರೆಯ ಪೆಥಾಲಜಿಸ್ಟ್ ರಾಬಿನ್ ವಾರನ್ ಅವರಿಗೆ ಅಂದಿಗೆ 42 ತುಂಬಿತ್ತು. ಮಾತು ಕಡಿಮೆ, ಒಬ್ಬರೇ ಕೂತು ಕೆಲಸ ಮಾಡುವ ಸ್ವಭಾವ. ಜಠರದ ಉರಿಯೂತ ಇದ್ದ ರೋಗಿಯೊಬ್ಬರ ಒಳಪೊರೆಯ ಚೂರನ್ನು ನೋಡುತ್ತಿದ್ದಾಗ ಮೇಲ್ಮೈಯಲ್ಲಿ ತೆಳು ನೀಲಿ ಗೆರೆಯಂತೆ ಏನೋ ಕಂಡಿತು. ದೊಡ್ಡದು ಮಾಡಿ ನೋಡಿದರೆ ಬ್ಯಾಕ್ಟೀರಿಯಗಳ ಸಾಲು! ಸಹೋದ್ಯೋಗಿಗಳಿಗೆ ತೋರಿಸಿದರೆ ಅವರಿಗೆ ಕಾಣಲಿಲ್ಲ. ವಾರನ್ ಬೆಳ್ಳಿಯ ಲೇಪ ಹಾಕಿಸಿದರು. ಈಗ ಕಪ್ಪಗೆ ಎದ್ದು ಕಂಡವು. ಸರಿ, ಇವೆ, ಇದ್ದರೇನಂತೆ ಎಂದರು ಜನ. ಎಲ್ಲಿಂದಲೋ ಬಂದು ಸೇರಿಕೊಂಡಿರಬೇಕು, ರೋಗಕ್ಕೂ ಅದಕ್ಕೂ ಏನು ಸಂಬಂಧ? ವಾರನ್ ಸುಮ್ಮನೆ ಚೂರುಗಳನ್ನು ನೋಡುತ್ತಲೇ ಹೋದರು. ಕ್ರಿಮಿ ಇದ್ದಲ್ಲೆಲ್ಲ ಉರಿಯೂತ, ಉರಿಯೂತ ಇದ್ದಲ್ಲೆಲ್ಲ ಹೆಚ್ಚೂಕಡಿಮೆ ಕ್ರಿಮಿ. ಎರಡು ವರ್ಷ ಹೀಗೆ ಒಬ್ಬಂಟಿಯಾಗಿ ನಡೆಯಿತು.

1981ರಲ್ಲಿ ಅವರ ಕೋಣೆಯ ಬಾಗಿಲು ತಟ್ಟಿದವರು ಬ್ಯಾರಿ ಮಾರ್ಷಲ್. ಚಿನ್ನದ ಗಣಿಗಳ ಊರಾದ ಕಾಲ್‌ಗುರ್ಲಿಯಲ್ಲಿ 1951ರಲ್ಲಿ ಹುಟ್ಟಿದವರು. (ನಮ್ಮ ಕೋಲಾರದ ಓದುಗರಿಗೆ ಕಾಲ್‌ಗುರ್ಲಿಯ ಹೆಸರು ಪರಿಚಿತವೇ ಇರಬಹುದು.) ಇನ್ನೂ ತರಬೇತಿಯಲ್ಲಿದ್ದ ಮಾರ್ಷಲ್‌ಗೆ ಆ ವರ್ಷ ಒಂದು ಸಂಶೋಧನಾ ಯೋಜನೆ ಬೇಕಾಗಿತ್ತು. ವಾರನ್ ತಮ್ಮ ಗಾಜಿನ ಚೂರುಗಳ ರಾಶಿಯನ್ನು ತೋರಿಸಿದರು. ಒಬ್ಬರು ಮಿತಭಾಷಿ, ಇನ್ನೊಬ್ಬರು ಮಾತಿನ ಮಲ್ಲ. ಜೋಡಿ ಕುದುರಿತು.

ಅಜೀರ್ಣವೋ ಹೊಟ್ಟೆನೋವೋ ಎಂದು ಎಂಡೋಸ್ಕೋಪಿಗೆ ಬಂದ ನೂರು ಮಂದಿಯನ್ನು ಒಬ್ಬರಾದ ಮೇಲೆ ಒಬ್ಬರಂತೆ, ಅವರ ಒಪ್ಪಿಗೆ ಪಡೆದು ಪರೀಕ್ಷಿಸುವುದು ಯೋಜನೆ. ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಪ್ರಯೋಗಶಾಲೆಯ ತಟ್ಟೆಯಲ್ಲಿ ಕ್ರಿಮಿಯನ್ನು ಬೆಳೆಸಲೂ ಬೇಕು. ಬೆಳೆಸುವ ಕೆಲಸ ಕೈಗೂಡಲಿಲ್ಲ. ಮೂವತ್ತು ಚಿಲ್ಲರೆ ರೋಗಿಗಳ ಚೂರುಗಳು ಬಂದು ಹೋದವು, ತಟ್ಟೆ ಖಾಲಿ. ಗಂಟಲಿನ ಚೂರುಗಳನ್ನು ಬೆಳೆಸುವ ರೂಢಿಯಂತೆ ಪ್ರಯೋಗಶಾಲೆಯವರು ಎರಡು ದಿನ ಕಾದು ತಟ್ಟೆಗಳನ್ನು ಎಸೆದುಬಿಡುತ್ತಿದ್ದರು. 1982ರ ಏಪ್ರಿಲ್‌ನಲ್ಲಿ ಈಸ್ಟರ್ ರಜೆ ಬಂತು. ರಜೆಗೆ ಮುಂಚೆ ಇಟ್ಟ ತಟ್ಟೆ ಐದು ದಿನ ಹಾಗೆಯೇ ಕೂತಿತು. ಮಂಗಳವಾರ ಬಂದು ನೋಡಿದರೆ ತಟ್ಟೆಯ ತುಂಬ ಸಣ್ಣ ಪಾರದರ್ಶಕ ಚುಕ್ಕೆಗಳು! ಈ ಕ್ರಿಮಿಗೆ ಅವಸರವಿಲ್ಲ, ಅದು ಬೆಳೆಯಲು ಮೂರ್ನಾಲ್ಕು ದಿನ ಬೇಕು. ಅಷ್ಟೇ ಗುಟ್ಟು. ಹಿಂದಿನ ಮೂವತ್ತು ಚಿಲ್ಲರೆ ತಟ್ಟೆಗಳಲ್ಲಿ ಎಷ್ಟನ್ನು ಕಸದ ಬುಟ್ಟಿಗೆ ಹಾಕಿದ್ದರೋ!

ನೂರು ಮಂದಿಯ ಲೆಕ್ಕ ಮುಗಿದಾಗ 58 ಮಂದಿಯಲ್ಲಿ ಕ್ರಿಮಿ ಇತ್ತು. ಸಣ್ಣ ಕರುಳಿನ ಹುಣ್ಣು ಇದ್ದವರು 13 ಮಂದಿ. ಅಷ್ಟೂ ಮಂದಿಯಲ್ಲಿ ಕ್ರಿಮಿ ಇತ್ತು.

ತಟ್ಟೆಯನ್ನೇ ಕುಡಿದರು

ಇಷ್ಟಾದ ಮೇಲೆ ಜಗತ್ತು ಬೆರಗಾಗಿ ಎದ್ದು ನಿಂತಿತು ಎಂದುಕೊಂಡರೆ ತಪ್ಪು. 1983ರಲ್ಲಿ ಆಸ್ಟ್ರೇಲಿಯದ ಜಠರ ತಜ್ಞರ ಸಂಘದ ಸಮ್ಮೇಳನಕ್ಕೆ ಮಾರ್ಷಲ್ ಪ್ರಬಂಧದ ಸಾರಾಂಶ ಕಳಿಸಿದರು. ಬಂದ 67 ಸಾರಾಂಶಗಳಲ್ಲಿ ಬಹುಪಾಲನ್ನು ಸ್ವೀಕರಿಸಿದ ಸಂಘ ಇವರದನ್ನು ಮಾತ್ರ ವಿನಯದಿಂದ ವಾಪಸು ಮಾಡಿತು. ಆ ತಿರಸ್ಕಾರದ ಪತ್ರವನ್ನು ಮಾರ್ಷಲ್ ಜೋಪಾನವಾಗಿ ಇಟ್ಟುಕೊಂಡು ಮುಂದೆ ಊರಿಗೆಲ್ಲ ತೋರಿಸಿದರು! ಅದೇ ವರ್ಷ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ವಾರನ್ ಮತ್ತು ಮಾರ್ಷಲ್ ಒಬ್ಬೊಬ್ಬರಾಗಿ ಬರೆದ ಎರಡು ಪತ್ರಗಳು ಅಚ್ಚಾದವು. ಬ್ರಸೆಲ್ಸ್‌ನಲ್ಲಿ ಸೇರಿದ ಕ್ರಿಮಿತಜ್ಞರು ಆಸಕ್ತಿಯಿಂದ ಕೇಳಿದರು. 1984ರ ಜೂನ್‌ನಲ್ಲಿ ಪೂರ್ಣ ಪ್ರಬಂಧ ಲ್ಯಾನ್ಸೆಟ್‌ನಲ್ಲಿ ಬಂತು. ಕ್ರಿಮಿತಜ್ಞರು ಒಪ್ಪುವ ಕಡೆಗೆ ವಾಲಿದರು. ಜಠರ ತಜ್ಞರು ಮಾತ್ರ ಅಲ್ಲಾಡಲಿಲ್ಲ. ಅವರ ಪ್ರಶ್ನೆ ಸರಿಯಾದದ್ದೇ. ಕ್ರಿಮಿ ಬಂದು ಉರಿಯೂತ ಆಯಿತೋ, ಉರಿಯೂತ ಆದ ಜಾಗಕ್ಕೆ ಕ್ರಿಮಿ ಬಂದು ಸೇರಿತೋ?

ಇದಕ್ಕೆ ಉತ್ತರ ಬೇಕಾದರೆ ಆರೋಗ್ಯವಾಗಿರುವ ಪ್ರಾಣಿಗೆ ಕ್ರಿಮಿ ಹಾಕಿ ನೋಡಬೇಕು. ಮಾರ್ಷಲ್ ಹಂದಿಮರಿಗಳ ಮೇಲೆ ಯತ್ನಿಸಿದರು, ಆಗಲಿಲ್ಲ. ಉಳಿದದ್ದು ಮನುಷ್ಯಪ್ರಾಣಿ. ಇನ್ನೊಬ್ಬರಿಗೆ ಕುಡಿಸುವಂತಿಲ್ಲ. ಆಗ ಅವರಿಗೆ 32 ವರ್ಷ, ಕೆಲಸ ಫ್ರೀಮ್ಯಾಂಟಲ್ ಆಸ್ಪತ್ರೆಯಲ್ಲಿ. ಮೊದಲು ತಮಗೇ ಎಂಡೋಸ್ಕೋಪಿ ಮಾಡಿಸಿಕೊಂಡು ಜಠರ ಸ್ವಚ್ಛವಾಗಿದೆ ಎಂದು ಖಾತ್ರಿ ಮಾಡಿಕೊಂಡರು. ರೋಗಿಯೊಬ್ಬರಿಂದ ಬೆಳೆಸಿದ ಕ್ರಿಮಿಗಳನ್ನು ಸಾರಿನಂಥ ದ್ರವದಲ್ಲಿ ಕದಡಿ, ಖಾಲಿ ಹೊಟ್ಟೆಯಲ್ಲಿ ಕುಡಿದರು. ಆಸ್ಪತ್ರೆಯ ನೈತಿಕ ಸಮಿತಿಯನ್ನು ಕೇಳಲಿಲ್ಲ. ಹೆಂಡತಿ ಏಡ್ರಿಯನ್‌ಗೂ ಹೇಳಲಿಲ್ಲ. ಕೇಳಿದ್ದರೆ ಇಬ್ಬರೂ ಬೇಡ ಎನ್ನುತ್ತಿದ್ದರು ಎಂಬುದು ಅವರಿಗೆ ಗೊತ್ತಿತ್ತು.

ಮೊದಲ ಕೆಲವು ದಿನ ಏನೂ ಇಲ್ಲ. ಆಮೇಲೆ ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತೆ. ಬೆಳಗಾಗೆದ್ದು ವಾಂತಿ, ಆ ವಾಂತಿಯಲ್ಲಿ ಹುಳಿಯೇ ಇಲ್ಲ. ಬಾಯಿ ಕೆಟ್ಟ ವಾಸನೆ ಹೊಡೆಯುತ್ತಿದೆ ಎಂದು ಮನೆಯವರೇ ಹೇಳಿದರು. ಹತ್ತನೇ ದಿನ ಮತ್ತೆ ಎಂಡೋಸ್ಕೋಪಿ. ಜಠರದ ತುಂಬ ಉರಿಯೂತ, ಲೋಳೆಯ ತುಂಬ ಸುರುಳಿ ಕ್ರಿಮಿಗಳು. ಇಷ್ಟು ಹೊತ್ತಿಗೆ ವಿಷಯ ತಿಳಿದ ಏಡ್ರಿಯನ್ ಸುಮ್ಮನೆ ಬಿಟ್ಟಾರೆಯೇ? ಔಷಧ ತೆಗೆದುಕೊಳ್ಳಲೇಬೇಕು ಎಂದು ಪಟ್ಟು ಹಿಡಿದರು. ಎರಡು ವಾರಕ್ಕೆ ಪ್ರಯೋಗ ಮುಗಿಯಿತು. 1985ರಲ್ಲಿ ವಿವರ ಅಚ್ಚಾಯಿತು.

ಮಾರ್ಷಲ್ ತಮಗೆ ತಾವೇ ಹುಣ್ಣು ಬರಿಸಿಕೊಂಡರು ಎಂದು ಬಹಳ ಕಡೆ ಬರೆಯಲಾಗಿದೆ. ಅದು ಸರಿಯಲ್ಲ. ಅವರಿಗೆ ಬಂದದ್ದು ಉರಿಯೂತ, ಹುಣ್ಣಲ್ಲ. ಕ್ರಿಮಿಯಿಂದ ಉರಿಯೂತ ಎಂಬ ಮೊದಲ ಮೆಟ್ಟಿಲು ಮಾತ್ರ ಆ ಲೋಟದಿಂದ ಸಾಬೀತಾಯಿತು. ಹುಣ್ಣಿನ ಮಾತನ್ನು ಸಾಬೀತು ಮಾಡಿದ್ದು ಅಷ್ಟು ರೋಚಕವಲ್ಲದ ಇನ್ನೊಂದು ಕೆಲಸ. ಸಣ್ಣ ಕರುಳಿನ ಹುಣ್ಣಿದ್ದ ನೂರು ಮಂದಿಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟು ಒಂದು ವರ್ಷ ಕಾದು ನೋಡಿದ ಪರೀಕ್ಷೆ ಅದು. ಯಾರಿಗೆ ಏನು ಕೊಡಲಾಗಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ನಡೆಯಿತು. 1988ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕ್ರಿಮಿ ಉಳಿದವರಲ್ಲಿ ಮಾಯ್ದ ಹುಣ್ಣು ಶೇ 84ರಷ್ಟು ಮಂದಿಗೆ ಮರಳಿತು. ಕ್ರಿಮಿ ಹೋದವರಲ್ಲಿ ಮರಳಿದ್ದು ಶೇ 21ರಷ್ಟು ಮಂದಿಗೆ. ಜನರ ನೆನಪಿನಲ್ಲಿ ಉಳಿದದ್ದು ಲೋಟ. ವೈದ್ಯರ ಮನಸ್ಸು ತಿರುಗಿಸಿದ್ದು ಇಂಥ ಅಂಕಿಗಳು.

1989ರಲ್ಲಿ ಕ್ರಿಮಿಗೆ 'ಹೆಲಿಕೋಬ್ಯಾಕ್ಟರ್ ಪೈಲೋರಿ' ಎಂಬ ಹೆಸರು ಸ್ಥಿರವಾಯಿತು. 1994ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಿಸಿದ ತಜ್ಞರು, ಹುಣ್ಣೂ ಇದ್ದು ಕ್ರಿಮಿಯೂ ಇದ್ದರೆ ಆ್ಯಂಟಿಬಯಾಟಿಕ್ ಕೊಡಲೇಬೇಕು ಎಂದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಕ್ರಿಮಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2005ರ ಅಕ್ಟೋಬರ್‌ನಲ್ಲಿ ವಾರನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್. ವಾರನ್ 2024ರ ಜುಲೈನಲ್ಲಿ ತೀರಿಕೊಂಡರು.

ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ

ಈ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ಜಾಗವಿದೆ. ದಕ್ಷಿಣ ಭಾರತದಲ್ಲಿ ಸಣ್ಣ ಕರುಳಿನ ಹುಣ್ಣು ಉತ್ತರಕ್ಕಿಂತ ಬಹಳ ಹೆಚ್ಚು ಎಂಬುದು ಬ್ರಿಟಿಷರ ಕಾಲದಲ್ಲೇ ವೈದ್ಯರ ಗಮನಕ್ಕೆ ಬಂದಿತ್ತು. 1922 ಮತ್ತು 1924ರ ಎವರೆಸ್ಟ್ ಯಾತ್ರೆಗಳಲ್ಲಿದ್ದ ಹೊವಾರ್ಡ್ ಸಾಮರ್ವೆಲ್ ಪರ್ವತ ಬಿಟ್ಟು ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆ ಸೇರಿದಾಗ ಅವರ ಮೇಜಿನ ಮೇಲೆ ಸಾಲುಗಟ್ಟಿ ಬಂದದ್ದು ಹೊಟ್ಟೆ ಹುಣ್ಣಿನ ರೋಗಿಗಳೇ. ಅವರ ಅನುಭವದ ವರದಿಗಳನ್ನು ಬ್ರಿಟನ್ನಿನ ವೈದ್ಯಪತ್ರಿಕೆಗಳು ಪ್ರಕಟಿಸಿದವು.

1950–60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮೈಸೂರಿನವರೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಕಡೆ, ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರಿದ್ದರು. ಇಷ್ಟೊಂದು ಹುಣ್ಣು ಇಲ್ಲೇ ಏಕೆ ಎಂಬ ಪ್ರಶ್ನೆ ಅವರನ್ನು ಹಿಡಿದದ್ದು ಇಲ್ಲಿ. ಊರಿಗೆ ಮರಳಿದ ಮೇಲೂ ಅದನ್ನು ಬಿಡಲಿಲ್ಲ. ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಭೂಪಟದ ಬಗ್ಗೆ 1979ರಲ್ಲಿ ಪ್ರಬಂಧ ಬರೆದರು. ಪಾಲಿಷ್ ಮಾಡಿದ ಅಕ್ಕಿ, ಮರಗೆಣಸು ಮುಖ್ಯ ಆಹಾರವಾದ ಕಡೆ ಹುಣ್ಣು ಹೆಚ್ಚು. ತೌಡು ತೆಗೆಯದ ಗೋಧಿ, ಕೆಲವು ಕಿರುಧಾನ್ಯ, ಕೆಲವು ಬೇಳೆ ತಿನ್ನುವ ಕಡೆ ಕಡಿಮೆ ಎಂಬುದು ಅವರ ವಾದ. ಕಾಳಿನಲ್ಲಿ ಜಠರವನ್ನು ಕಾಯುವ ಅಂಶವೇನೋ ಇದೆ ಎಂದು ಹುಡುಕಿದರು.

ಪರ್ತ್‌ನ ಸುದ್ದಿ ಬಂದ ಮೇಲೆ ಟೋವಿ ತಲೆಬಾಗಲಿಲ್ಲ. ಅವರ ತಕರಾರು ತೂಕದ್ದು. ಕ್ರಿಮಿಯೇ ಮೂಲವಾದರೆ, ಉತ್ತರ ಭಾರತದಲ್ಲೂ ದಕ್ಷಿಣದಲ್ಲೂ ಕ್ರಿಮಿ ಹೆಚ್ಚೂಕಡಿಮೆ ಒಂದೇ ಪ್ರಮಾಣದಲ್ಲಿರುವಾಗ ಹುಣ್ಣು ಮಾತ್ರ ದಕ್ಷಿಣದಲ್ಲಿ ಏಕೆ ಹೆಚ್ಚು? ಕ್ರಿಮಿ ಹುಣ್ಣನ್ನು ಮಾಯಲು ಬಿಡದಿರಬಹುದು, ಆದರೆ ಮೊದಲ ಕಾರಣ ಅದಲ್ಲ ಎಂದು ವರ್ಷಗಟ್ಟಲೆ ಬರೆದರು. ವೈದ್ಯಲೋಕ ಈ ವಾದವನ್ನು ಒಪ್ಪಿಕೊಂಡಿಲ್ಲ. ಕ್ರಿಮಿಯನ್ನು ತೆಗೆದರೆ ಹುಣ್ಣು ಮರಳುವುದಿಲ್ಲ ಎಂಬ ಸಾಕ್ಷ್ಯ ಅಷ್ಟು ಗಟ್ಟಿ. ಆದರೆ ಅವರ ಪ್ರಶ್ನೆ ಪೂರ್ತಿ ಕರಗಿಲ್ಲ. ಜಗತ್ತಿನ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಈ ಕ್ರಿಮಿ ಇದೆ, ನಮ್ಮ ದೇಶದಲ್ಲಿ ಅರ್ಧಕ್ಕಿಂತಲೂ ಹೆಚ್ಚು. ಹುಣ್ಣಾಗುವುದು ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ. ಕ್ಯಾನ್ಸರ್ ನೂರರಲ್ಲಿ ಒಬ್ಬಿಬ್ಬರಿಗೆ. ಅಷ್ಟು ಸೋಂಕಿದ್ದೂ ಭಾರತದಲ್ಲಿ ಜಠರದ ಕ್ಯಾನ್ಸರ್ ಕಡಿಮೆ ಎಂಬುದನ್ನು ತಜ್ಞರು 'ಭಾರತದ ಒಗಟು' ಎಂದೇ ಕರೆಯುತ್ತಾರೆ.

ಹಾಗಾದರೆ ನಮ್ಮ ಗ್ಯಾಸ್ಟ್ರಿಕ್?

ಇಷ್ಟು ಓದಿದವರು ಕೇಳುವ ಪ್ರಶ್ನೆ ನನಗೆ ಗೊತ್ತು. ನಮ್ಮ ಸುದ್ದಿಮನೆಯಲ್ಲಿ ರಾತ್ರಿ ಪಾಳಿಯ ಹಿರಿಯ ಉಪಸಂಪಾದಕರೊಬ್ಬರ ಡ್ರಾಯರಿನಲ್ಲಿ ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ ಸದಾ ಇರುತ್ತದೆ. ಎಂಡೋಸ್ಕೋಪಿ ಮಾಡಿಸಿದ್ದಾರೆ, ಹುಣ್ಣಿಲ್ಲ. ಆದರೂ ಊಟವಾದ ಮೇಲೆ ಹೊಟ್ಟೆ ಉಬ್ಬರ, ಎದೆಯ ಕೆಳಗೆ ಉರಿ, ತೇಗು. ಇಂಥವರೇ ಹೆಚ್ಚು. ಹುಣ್ಣಿಲ್ಲದ ಈ ಹಳೆಯ ಅಜೀರ್ಣಕ್ಕೂ ಈ ಕ್ರಿಮಿಯೇ ಕಾರಣವೇ?

ಮೊದಲು ಅದು ಹೊಟ್ಟೆಯಲ್ಲಿ ಬದುಕುವ ಬಗೆ. ಈ ಕ್ರಿಮಿ ಯೂರಿಯೇಸ್ ಎಂಬ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತದೆ. ಜಠರದಲ್ಲಿರುವ ಯೂರಿಯಾವನ್ನು ಅದು ಒಡೆದು ಅಮೋನಿಯ ಮಾಡುತ್ತದೆ. ಅಮೋನಿಯ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಹೀಗೆ ತನ್ನ ಸುತ್ತ ಒಂದು ಮೋಡ ಕಟ್ಟಿಕೊಂಡು, ಬಾಲದಂಥ ಎಳೆಗಳಿಂದ ತಿರುಪಿನ ಹಾಗೆ ಕೊರೆಯುತ್ತ ಲೋಳೆಯ ಪದರದೊಳಗೆ ಇಳಿದು ಕೂರುತ್ತದೆ. ಒಮ್ಮೆ ಕೂತರೆ ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ ಜೀವಮಾನವಿಡೀ ಹೋಗುವುದಿಲ್ಲ. ಬಹುಪಾಲು ಮಂದಿಗೆ ಅಂಟುವುದು ಚಿಕ್ಕಂದಿನಲ್ಲಿ, ಮನೆಯವರಿಂದಲೇ. ಕ್ರಿಮಿಯ ಈ ಯೂರಿಯೇಸ್ ಚಟವೇ ಅದನ್ನು ಹಿಡಿದುಕೊಡುತ್ತದೆ. ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸಿ, ಉಸಿರಿನಲ್ಲಿ ಆ ಇಂಗಾಲ ಬರುತ್ತದೆಯೇ ಎಂದು ನೋಡುವುದೇ ಉಸಿರಿನ ಪರೀಕ್ಷೆ.

ಕ್ರಿಮಿ ಇದ್ದ ಜಠರದಲ್ಲಿ ಉರಿಯೂತ ಇದ್ದೇ ಇರುತ್ತದೆ. ಆದರೆ ಉರಿಯೂತ ಇದ್ದವರಿಗೆಲ್ಲ ನೋವಿರುವುದಿಲ್ಲ. ಹೆಚ್ಚಿನವರಿಗೆ ಏನೂ ಗೊತ್ತೇ ಆಗುವುದಿಲ್ಲ. ತೊಡಕು ಇರುವುದು ಇಲ್ಲಿ. 1998ರ ಡಿಸೆಂಬರ್ 24ರಂದು ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಒಂದೇ ಸಂಚಿಕೆಯಲ್ಲಿ ಎರಡು ಪರೀಕ್ಷೆಗಳ ಫಲಿತಾಂಶ ಪ್ರಕಟಿಸಿತು. ಎರಡರಲ್ಲೂ ಹುಣ್ಣಿಲ್ಲದ, ಕ್ರಿಮಿಯಿದ್ದ ಅಜೀರ್ಣದ ರೋಗಿಗಳು. ಗ್ಲಾಸ್ಗೋದ ಕೆನೆತ್ ಮೆಕಾಲ್ ತಂಡದ ಪ್ರಕಾರ, ಕ್ರಿಮಿ ತೆಗೆಯುವ ಔಷಧ ಪಡೆದವರಲ್ಲಿ ಒಂದು ವರ್ಷದ ಬಳಿಕ ಶೇ 21ರಷ್ಟು ಮಂದಿಗೆ ತೊಂದರೆ ಹೋಗಿತ್ತು, ಬರೀ ಆಮ್ಲ ತಡೆಯುವ ಮಾತ್ರೆ ಪಡೆದವರಲ್ಲಿ ಶೇ 7ರಷ್ಟು ಮಂದಿಗೆ ಮಾತ್ರ. ಇನ್ನೊಂದು ತಂಡ ಗಮನಾರ್ಹ ವ್ಯತ್ಯಾಸವೇ ಇಲ್ಲ ಎಂದಿತು! ಓದಿದ ವೈದ್ಯರು ತಲೆ ಕೆರೆದುಕೊಂಡಿರಬೇಕು.

ಆಮೇಲೆ ಹತ್ತಾರು ಪರೀಕ್ಷೆಗಳನ್ನು ಕೂಡಿಸಿ ಲೆಕ್ಕ ಹಾಕಲಾಯಿತು. ಹೊರಟ ಉತ್ತರ ನಡುವಿನದು. ಇಂಥ ಸುಮಾರು ಹದಿನಾಲ್ಕು–ಹದಿನೈದು ರೋಗಿಗಳಲ್ಲಿ ಕ್ರಿಮಿಯನ್ನು ತೆಗೆದರೆ, ಆ ಕಾರಣಕ್ಕೇ ಗುಣವಾಗುವವರು ಒಬ್ಬರು. ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಒಂದೆರಡು ವಾರದ ಔಷಧದಿಂದ ವರ್ಷಗಳ ಕಾಟ ಹೋಗುವ ಆ ಒಬ್ಬರು ಯಾರು ಎಂಬುದು ಮೊದಲೇ ತಿಳಿಯುವುದಿಲ್ಲ. 2015ರಲ್ಲಿ ಪ್ರಕಟವಾದ ಕ್ಯೋಟೋ ತಜ್ಞರ ಒಮ್ಮತದ ವರದಿ ಈ ಉರಿಯೂತವನ್ನು ನೋವಿರಲಿ ಬಿಡಲಿ ಸೋಂಕು ರೋಗವೆಂದೇ ಪರಿಗಣಿಸಬೇಕು ಎಂದಿತು. ಕ್ರಿಮಿ ಹೋದ ಆರು ತಿಂಗಳಿಂದ ವರ್ಷದ ಮೇಲೂ ಅಜೀರ್ಣ ಬಿಟ್ಟುಹೋಗಿದ್ದರೆ ಆ ರೋಗಿಯ ಮಟ್ಟಿಗೆ ಕಾರಣ ಕ್ರಿಮಿಯೇ. ಮತ್ತೆ ಬಂದರೆ ಬೇರೆ ಕಾರಣ ಹುಡುಕಬೇಕು.

ಹಾಗೆಂದು ಔಷಧದ ಅಂಗಡಿಗೆ ಹೋಗಿ ಆ್ಯಂಟಿಬಯಾಟಿಕ್ ಕೇಳಿ ನುಂಗುವುದು ಹುಚ್ಚುತನ. ಎರಡು ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಡೆಯುವ ಮಾತ್ರೆ, ಕೆಲವೊಮ್ಮೆ ಬಿಸ್ಮತ್, ಹೀಗೆ ಸಾಮಾನ್ಯವಾಗಿ ಹದಿನಾಲ್ಕು ದಿನ ತಪ್ಪದೆ ತೆಗೆದುಕೊಳ್ಳುವ ಚಿಕಿತ್ಸೆ ಇದು. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಔಷಧಕ್ಕೆ ಬಗ್ಗದಂತಾಗುತ್ತದೆ. ಮೆಟ್ರೊನಿಡಜೋಲ್‌ಗೆ ನಮ್ಮಲ್ಲಿ ಬಹಳಷ್ಟು ತಳಿಗಳು ಈಗಾಗಲೇ ಬಗ್ಗುವುದಿಲ್ಲ. ಭೇದಿಗೆ, ಹಲ್ಲುನೋವಿಗೆ ಎಂದು ಅದನ್ನು ನಾವು ಬಳಸಿರುವ ಪರಿ ಗೊತ್ತಿರುವವರಿಗೆ ಇದು ಆಶ್ಚರ್ಯವಲ್ಲ. ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ಪೈಲೋರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊಸ ಔಷಧ ತುರ್ತಾಗಿ ಬೇಕಾದ ಕ್ರಿಮಿಗಳ ಪಟ್ಟಿಗೆ ಸೇರಿಸಿತ್ತು. ಇನ್ನೊಂದು ಮಾತು. ಎಲ್ಲ ಹುಣ್ಣೂ ಕ್ರಿಮಿಯದಲ್ಲ. ಮೈಕೈ ನೋವಿಗೆ ದಿನವೂ ನುಂಗುವ ನೋವಿನ ಮಾತ್ರೆಗಳಿಂದಲೂ ಹುಣ್ಣಾಗುತ್ತದೆ. ತೂಕ ಇಳಿಯುವುದು, ನುಂಗಲು ಕಷ್ಟ, ಕಪ್ಪು ಮಲ, ರಕ್ತವಾಂತಿ ಇವುಗಳಲ್ಲಿ ಒಂದಿದ್ದರೂ ಓಮದ ನೀರು, ಜೀರಿಗೆ ಕಷಾಯ ಎಂದು ದಿನ ದೂಡದೆ ವೈದ್ಯರ ಬಳಿ ಹೋಗಬೇಕು.

ಈ ಲೇಖನಕ್ಕೆ ಓದುತ್ತಿದ್ದಾಗ ಹಿರಿಯ ಉಪಸಂಪಾದಕರಿಗೂ ಇದೆಲ್ಲ ಹೇಳಿದೆ. ಅವರು ವೈದ್ಯರನ್ನು ಕಂಡು, ಅವರು ಹೇಳಿದಂತೆ ಎರಡು ವಾರ ಆಮ್ಲ ತಡೆಯುವ ಮಾತ್ರೆ ನಿಲ್ಲಿಸಿ, ಉಸಿರಿನ ಪರೀಕ್ಷೆ ಮಾಡಿಸಿಕೊಂಡು ಬಂದರು. ಮಾತ್ರೆ ನುಂಗುತ್ತಿರುವಾಗ ಪರೀಕ್ಷಿಸಿದರೆ ಕ್ರಿಮಿ ಇದ್ದರೂ ಇಲ್ಲ ಎಂದು ಬರುವುದುಂಟು. ಮೊನ್ನೆ ರಾತ್ರಿ ಪುಟ ಕಳಿಸಿದ ಮೇಲೆ ವರದಿಯ ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟರು. ನೆಗೆಟಿವ್. 'ಈಗ ಏನಂತೀಯಪ್ಪ?' ಎಂದು ಕೇಳಿ, ಡ್ರಾಯರ್ ಎಳೆದು ಗುಲಾಬಿ ಬಾಟಲಿಯ ಮುಚ್ಚಳ ತಿರುಗಿಸಿದರು.